‘ಕರೆಂಟ್ ಕೊಡ್ತಾರಂತೆ’ ಎಂಬ ಹೆದರಿಕೆ: ಮಾತ್ರೆಗೆ ಬಗ್ಗದ ಖಿನ್ನತೆಗೆ ಇರುವ ದಾರಿಗಳು

ಮಾನಸಿಕ ಆಸ್ಪತ್ರೆಯ ಹೆಸರೆತ್ತಿದರೆ ನಮ್ಮ ಮನೆಗಳಲ್ಲಿ ಮೊದಲು ಬರುವ ಮಾತು ‘ಅಲ್ಲಿ ಕರೆಂಟ್ ಕೊಡ್ತಾರಂತೆ’ ಅಂತ. ಹೇಳಿದವರು ನೋಡಿದವರಲ್ಲ, ಕೇಳಿದವರು ವಿಚಾರಿಸಿದವರಲ್ಲ. ಆದರೂ ಆ ಒಂದು ಮಾತಿಗೆ ಹೆದರಿ ಕಾಯಿಲೆಯವರನ್ನು ವರ್ಷಗಟ್ಟಲೆ ಮನೆಯ ಒಳಕೋಣೆಯಲ್ಲೇ ಇಟ್ಟುಕೊಂಡ ಕುಟುಂಬಗಳಿಗೆ ನಮ್ಮಲ್ಲಿ ಕೊರತೆ ಇಲ್ಲ. ಕಾಲು ಮುರಿದರೆ ಒಂದು ಗಂಟೆಯೊಳಗೆ ಆಸ್ಪತ್ರೆಯಲ್ಲಿರುವ ನಾವು, ಮನಸ್ಸು ಮುರಿದಾಗ ಮೂರು ವರ್ಷ ತಡ ಮಾಡುತ್ತೇವೆ.

ಖಿನ್ನತೆ ಅಪರೂಪದ ರೋಗವಲ್ಲ. ಬೆಂಗಳೂರಿನ ನಿಮ್ಹಾನ್ಸ್ 2015-16ರಲ್ಲಿ ನಡೆಸಿದ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಮೀಕ್ಷೆಯ ಪ್ರಕಾರ ದೇಶದ ವಯಸ್ಕರಲ್ಲಿ ಸುಮಾರು 20ರಲ್ಲಿ ಒಬ್ಬರಿಗೆ ಬದುಕಿನ ಒಂದಲ್ಲ ಒಂದು ಹಂತದಲ್ಲಿ ಖಿನ್ನತೆ ಬಂದಿರುತ್ತದೆ. ಅದೇ ಸಮೀಕ್ಷೆ ಹೇಳುವ ಇನ್ನೊಂದು ಸಂಗತಿ ಹೆಚ್ಚು ಕಳವಳದ್ದು. ಖಿನ್ನತೆ ಇರುವ 100 ಮಂದಿಯಲ್ಲಿ ಸುಮಾರು 85 ಮಂದಿಗೆ ಚಿಕಿತ್ಸೆ ಸಿಗುತ್ತಿರಲಿಲ್ಲ.

ಇನ್ನು ಚಿಕಿತ್ಸೆ ಪಡೆದವರ ವಿಷಯ. ಹಲವರಿಗೆ ಮಾತ್ರೆಯಿಂದಲೂ ಆಪ್ತಸಮಾಲೋಚನೆಯಿಂದಲೂ ಗುಣವಾಗುತ್ತದೆ. ಆದರೆ ಒಂದಷ್ಟು ಮಂದಿಗೆ ಎರಡು ಮೂರು ಬಗೆಯ ಮಾತ್ರೆ ಬದಲಿಸಿದರೂ ಏಳಲು ಆಗುವುದಿಲ್ಲ. ಮನೆಯವರು ‘ಎಲ್ಲಾ ಮಾಡಿ ಆಯ್ತು, ಇನ್ನು ಹಣೆಬರಹ’ ಅಂತ ಕೈಚೆಲ್ಲುವುದು ಇಲ್ಲೇ. ಈ ಲೇಖನ ಆ ಮನೆಗಳಿಗಾಗಿ. ಮಾತ್ರೆ ಸೋತ ಮೇಲೂ ವೈದ್ಯರ ಕೈಯಲ್ಲಿ ದಾರಿಗಳಿವೆ, ನಾವು ಅತಿ ಹೆಚ್ಚು ಹೆದರುವ ‘ಕರೆಂಟ್’ ಅವುಗಳಲ್ಲಿ ಅತಿ ಹೆಚ್ಚು ಪರೀಕ್ಷೆಗೆ ಒಳಗಾದದ್ದು.

ರಟ್ಟೀಹಳ್ಳಿಯ ಒಂದು ಮನೆ ಅಂತ ಇಟ್ಟುಕೊಳ್ಳಿ

ವ್ಯಾಪಾರಕ್ಕಾಗಿ ಘಟ್ಟ ಹತ್ತಿ ಹೋಗಿ ಬಯಲುಸೀಮೆಯಲ್ಲಿ ನೆಲೆನಿಂತ ಬ್ಯಾರಿ ಕುಟುಂಬಗಳು ನಮಗೆ ಹೊಸತಲ್ಲ. ಹಾವೇರಿ ಜಿಲ್ಲೆಯ ರಟ್ಟೀಹಳ್ಳಿಯಲ್ಲಿ ಅಂಗಡಿ ಇಟ್ಟ ಅಂಥ ಒಂದು ಮನೆಯನ್ನು ಕಲ್ಪಿಸಿಕೊಳ್ಳಿ. ಉಮ್ಮನಿಗೆ 50 ದಾಟಿದೆ. ಒಂದು ವರ್ಷದಿಂದ ಮಾತು ಕಡಿಮೆ. ಬೆಳಗಿನ ಜಾವ ಮೂರಕ್ಕೇ ಎಚ್ಚರವಾಗುತ್ತದೆ, ಮತ್ತೆ ನಿದ್ದೆ ಇಲ್ಲ. ಊಟ ಸೇರುವುದಿಲ್ಲ, ಮೈ ಇಳಿದಿದೆ. ಮೊಮ್ಮಗು ಮಡಿಲಿಗೆ ಬಂದರೂ ಮುಖದಲ್ಲಿ ನಗು ಇಲ್ಲ. ‘ನಾನು ನಿಮಗೆಲ್ಲ ಭಾರ’ ಅಂತ ಒಂದೇ ಮಾತು.

ಪಕ್ಕದ ಮನೆಯವರು ‘ತಲಿ ಕೆಟ್ಟೈತಿ ಅನಸ್ತೈತಿ, ಎಲ್ಲಿಗರ ತೋರಸ್ರಿ’ ಅನ್ನುತ್ತಾರೆ. ಊರಿಂದ ಫೋನು ಮಾಡಿದ ಸಂಬಂಧಿಕರು ‘ಯಾರೋ ಏನೋ ಮಾಡಿಸಿದ್ದಾರೆ, ಮಂತ್ರಿಸಿ ಊದಿಸಿ’ ಅನ್ನುತ್ತಾರೆ. ದುಬೈಯಲ್ಲಿರುವ ಮಗ ಹಣ ಕಳಿಸುತ್ತಾನೆ. ಮನೆಯವರು ಒಬ್ಬ ಮನೋವೈದ್ಯರಿಗೆ ತೋರಿಸುತ್ತಾರೆ, ಮಾತ್ರೆ ಶುರುವಾಗುತ್ತದೆ, ಎರಡು ತಿಂಗಳಾದರೂ ಬದಲಾವಣೆ ಇಲ್ಲ. ಮಾತ್ರೆ ಬದಲಾಗುತ್ತದೆ, ಮತ್ತೆ ಎರಡು ತಿಂಗಳು. ಕೊನೆಗೆ ವೈದ್ಯರು ‘ಇಸಿಟಿ ಬಗ್ಗೆ ಯೋಚನೆ ಮಾಡಿ’ ಅನ್ನುತ್ತಾರೆ. ಮನೆಯವರು ಅವತ್ತೇ ಚೀಟಿ ಮಡಚಿಟ್ಟು ಬಸ್ಸು ಹತ್ತುತ್ತಾರೆ, ಮತ್ತೆ ಆ ಕಡೆ ಹೋಗುವುದಿಲ್ಲ.

ಈ ಮನೆಯವರು ಕೆಟ್ಟವರೇನಲ್ಲ. ಉಮ್ಮನ ಮೇಲಿನ ಪ್ರೀತಿಯೇ ಅವರನ್ನು ಹಿಂದಕ್ಕೆ ಎಳೆದದ್ದು. ಆದರೆ ಬಸ್ಸು ಹತ್ತುವ ಮೊದಲು ಅವರಿಗೆ ತಿಳಿಯಬೇಕಿದ್ದ ಕೆಲವು ವಿಷಯಗಳಿವೆ.

ನಿಜಕ್ಕೂ ಮಾತ್ರೆ ಸೋತಿದೆಯಾ?

ಎರಡು ಬೇರೆ ಬೇರೆ ಖಿನ್ನತೆಯ ಔಷಧಗಳನ್ನು, ಸರಿಯಾದ ಪ್ರಮಾಣದಲ್ಲಿ, ಒಂದೊಂದನ್ನೂ ಸುಮಾರು ಆರು ವಾರ ತೆಗೆದುಕೊಂಡ ಮೇಲೂ ಸಾಕಷ್ಟು ಗುಣ ಕಾಣದಿದ್ದರೆ ವೈದ್ಯರು ಅದನ್ನು ಚಿಕಿತ್ಸೆಗೆ ಸುಲಭವಾಗಿ ಬಗ್ಗದ ಖಿನ್ನತೆ ಅನ್ನುತ್ತಾರೆ. ಹತ್ತು ದಿನ ತಿಂದು ‘ಏನೂ ಆಗ್ಲಿಲ್ಲ’ ಅಂತ ಬಿಟ್ಟದ್ದು ಈ ಲೆಕ್ಕಕ್ಕೆ ಬರುವುದಿಲ್ಲ. ಈ ಮಾತ್ರೆಗಳು ಕೆಲಸ ಶುರು ಮಾಡಲು ಎರಡರಿಂದ ನಾಲ್ಕು ವಾರ ಬೇಕು. ಉಪದ್ರ ಮಾತ್ರ ಮೊದಲ ವಾರವೇ ಕಾಣಿಸುತ್ತದೆ. ಹಾಗಾಗಿ ಅರ್ಧದಲ್ಲೇ ಬಿಡುವವರು ಹೆಚ್ಚು.

ಬೇರೆ ಕಾರಣಗಳನ್ನೂ ನೋಡಬೇಕು. ಥೈರಾಯ್ಡ್ ಗ್ರಂಥಿ ನಿಧಾನವಾಗಿದ್ದರೆ, ಬಿ-12 ಕಡಿಮೆ ಇದ್ದರೆ, ರಕ್ತಹೀನತೆ ಇದ್ದರೆ ಮನುಷ್ಯ ಖಿನ್ನತೆಯವರ ಹಾಗೇ ಕಾಣಿಸುತ್ತಾನೆ. ನಡುವೆ ಕೆಲವು ಕಾಲ ಅತಿ ಉತ್ಸಾಹ, ಅತಿ ಮಾತು, ಕೈಬಿಟ್ಟು ಖರ್ಚು ಇತ್ತೆಂದರೆ ಅದು ಬೈಪೋಲಾರ್ ಕಾಯಿಲೆ ಇರಬಹುದು, ಅದರ ಮದ್ದೇ ಬೇರೆ. ಮನೆಯೊಳಗಿನ ಹೊಡೆತ, ಬೈಗುಳ, ಸಾಲದ ಕಾಟ ಹಾಗೇ ಮುಂದುವರಿದಿದ್ದರೆ ಮಾತ್ರೆ ಒಂದೇ ಏನು ಮಾಡೀತು? ಇವೆಲ್ಲ ವೈದ್ಯರ ಎದುರು ಬಾಯಿ ಬಿಟ್ಟು ಹೇಳಬೇಕಾದ ವಿಷಯಗಳು.

ಇದೆಲ್ಲ ನೋಡಿಯೂ ಗುಣ ಇಲ್ಲ ಅಂದರೆ? ಅಮೆರಿಕದಲ್ಲಿ ಸುಮಾರು 4,000 ಖಿನ್ನತೆ ರೋಗಿಗಳ ಮೇಲೆ ನಡೆದು 2006ರಲ್ಲಿ ಪ್ರಕಟವಾದ ‘ಸ್ಟಾರ್-ಡಿ’ ಎಂಬ ದೊಡ್ಡ ಅಧ್ಯಯನ ಇದಕ್ಕೆ ಒಂದು ಲೆಕ್ಕ ಕೊಟ್ಟಿದೆ. ಮೊದಲ ಮಾತ್ರೆಯಿಂದ ಸುಮಾರು ಮೂರರಲ್ಲಿ ಒಬ್ಬರು ಪೂರ್ತಿ ಗುಣವಾದರು. ಎರಡು ಹಂತಗಳಲ್ಲಿ ಗುಣವಾಗದೆ ಮೂರನೆಯದಕ್ಕೆ ಹೋದವರಲ್ಲಿ ಪೂರ್ತಿ ಗುಣವಾದದ್ದು ಸುಮಾರು ಏಳರಲ್ಲಿ ಒಬ್ಬರಿಗೆ ಮಾತ್ರ. ಅಂದರೆ ಮಾತ್ರೆ ಬದಲಿಸುತ್ತಾ ಹೋದ ಹಾಗೆ ಫಲ ಕಡಿಮೆಯಾಗುತ್ತದೆ. ಆ ಹಂತದಲ್ಲಿ ವೈದ್ಯರು ಮೆದುಳನ್ನು ನೇರವಾಗಿ ಪ್ರಚೋದಿಸುವ ಚಿಕಿತ್ಸೆಗಳ ಮಾತೆತ್ತುವುದು ಅದಕ್ಕೇ.

ಇಸಿಟಿ: ಆಗಿನದು ಬೇರೆ, ಈಗಿನದು ಬೇರೆ

ಮೆದುಳಿಗೆ ಅಲ್ಪ ವಿದ್ಯುತ್ ಹಾಯಿಸಿ ಚಿಕಿತ್ಸೆ ಮಾಡುವ ಇಸಿಟಿಯನ್ನು 1938ರಲ್ಲಿ ರೋಮ್ ನಗರದಲ್ಲಿ ಉಗೊ ಚೆರ್ಲೆಟ್ಟಿ ಮತ್ತು ಲುಚಿಯೊ ಬೀನಿ ಎಂಬ ವೈದ್ಯರು ಶುರು ಮಾಡಿದರು. ಆಗ ಅರಿವಳಿಕೆ ಕೊಡುತ್ತಿರಲಿಲ್ಲ. ಎಚ್ಚರವಿದ್ದ ರೋಗಿಯನ್ನು ನಾಲ್ಕು ಜನ ಹಿಡಿದುಕೊಳ್ಳುತ್ತಿದ್ದರು, ಇಡೀ ಮೈ ಅಪಸ್ಮಾರದಂತೆ ಸೆಟೆದು ನಡುಗುತ್ತಿತ್ತು, ಕೆಲವರಿಗೆ ಮೂಳೆ ಮುರಿದದ್ದೂ ಉಂಟು. ನಮ್ಮ ಹಿರಿಯರು ಕೇಳಿದ ಕಥೆ, ಸಿನೆಮಾಗಳು ತೋರಿಸಿದ ದೃಶ್ಯ ಎಲ್ಲ ಆ ಕಾಲದ್ದು. ಅರಿವಳಿಕೆ ವೈದ್ಯರ ಕೊರತೆಯಿಂದ ಭಾರತದ ಹಲವು ಆಸ್ಪತ್ರೆಗಳಲ್ಲಿ ಆ ಪದ್ಧತಿ ಬಹಳ ವರ್ಷ ಹಾಗೇ ಉಳಿದಿತ್ತು. ಹೆದರಿಕೆ ಸುಮ್ಮನೆ ಹುಟ್ಟಿದ್ದಲ್ಲ.

ಈಗ ಹಾಗೆ ಮಾಡುವುದು ಕಾನೂನಿಗೆ ವಿರುದ್ಧ. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯ 95ನೇ ಕಲಮಿನ ಪ್ರಕಾರ ಅರಿವಳಿಕೆ ಮತ್ತು ಸ್ನಾಯು ಸಡಿಲಿಸುವ ಔಷಧ ಇಲ್ಲದೆ ಇಸಿಟಿ ಕೊಡುವಂತಿಲ್ಲ. 18 ವರ್ಷ ತುಂಬದವರಿಗೆ ಪೋಷಕರ ಒಪ್ಪಿಗೆಯ ಜೊತೆಗೆ ಮಾನಸಿಕ ಆರೋಗ್ಯ ಮಂಡಳಿಯ ಮುಂಗಡ ಅನುಮತಿಯೂ ಬೇಕು.

ಈಗ ನಡೆಯುವ ಕ್ರಮ ಹೀಗಿದೆ. ಹಿಂದಿನ ರಾತ್ರಿಯಿಂದ ಊಟ ಇಲ್ಲ. ಬೆಳಿಗ್ಗೆ ಅರಿವಳಿಕೆ ವೈದ್ಯರು ಕೈಯ ನರಕ್ಕೆ ಚುಚ್ಚುಮದ್ದು ಕೊಡುತ್ತಾರೆ, ರೋಗಿ ನಿದ್ದೆಗೆ ಜಾರುತ್ತಾರೆ. ಸ್ನಾಯುಗಳು ಸಡಿಲವಾಗುವ ಮದ್ದು ಕೊಡುತ್ತಾರೆ. ಆಮ್ಲಜನಕ ಕೊಡುತ್ತಾ ಹೃದಯದ ಬಡಿತ, ರಕ್ತದೊತ್ತಡ ನೋಡುತ್ತಿರುತ್ತಾರೆ. ಬಳಿಕ ಹಣೆಯ ಬದಿಗಳಲ್ಲಿ ಕೆಲವು ಸೆಕೆಂಡು ಮಾತ್ರ ವಿದ್ಯುತ್ ಹಾಯಿಸುತ್ತಾರೆ. ಮೆದುಳಿನೊಳಗೆ ಒಂದು ನಿಮಿಷದೊಳಗಿನ ಕಂಪನ ಉಂಟಾಗುತ್ತದೆ. ಹೊರಗೆ ನೋಡುವವರಿಗೆ ಕಾಲ್ಬೆರಳು ಸ್ವಲ್ಪ ಅದುರಿದ್ದು ಕಾಣಬಹುದು, ಅಷ್ಟೇ. ಹತ್ತು ಹದಿನೈದು ನಿಮಿಷದಲ್ಲಿ ರೋಗಿಗೆ ಎಚ್ಚರವಾಗುತ್ತದೆ. ನೋವಿನ ನೆನಪು ಇರುವುದಿಲ್ಲ. ವಾರಕ್ಕೆ ಎರಡು ಮೂರು ಸಲದಂತೆ ಒಟ್ಟು 6ರಿಂದ 12 ಸಲ ಸಾಮಾನ್ಯ.

ತೀವ್ರ ಖಿನ್ನತೆಯಲ್ಲಿ ಬೇಗ, ಹೆಚ್ಚು ಮಂದಿಗೆ ಗುಣ ತರುವ ಚಿಕಿತ್ಸೆಗಳಲ್ಲಿ ಇದು ಮುಂಚೂಣಿಯದು. ಊಟ ನೀರು ಬಿಟ್ಟು ಕುಳಿತವರಿಗೆ, ಜೀವ ತೆಗೆದುಕೊಳ್ಳುವ ಯೋಚನೆ ಬಲವಾಗಿರುವವರಿಗೆ, ಕಲ್ಲಿನಂತೆ ಸುಮ್ಮನಾದವರಿಗೆ, ಹೆರಿಗೆಯ ಬಳಿಕ ತೀವ್ರ ಕಾಯಿಲೆ ಬಂದ ಬಾಣಂತಿಯರಿಗೆ ವೈದ್ಯರು ಮಾತ್ರೆಗೆ ಕಾಯದೆ ಇಸಿಟಿಯನ್ನೇ ಮೊದಲು ಸೂಚಿಸುವುದುಂಟು. ಆ ಸ್ಥಿತಿಯಲ್ಲಿ ನಾಲ್ಕು ವಾರ ಕಾಯುವುದೇ ದೊಡ್ಡ ಅಪಾಯ.

ಇದು ಪರದೇಶದಿಂದ ಎರವಲು ತಂದು ಕಣ್ಣುಮುಚ್ಚಿ ಮಾಡುವ ಕೆಲಸವೂ ಅಲ್ಲ. 1982ರಲ್ಲೇ ನಿಮ್ಹಾನ್ಸ್‌ನ ಡಾ. ಬಿ.ಎನ್. ಗಂಗಾಧರ್ ಮತ್ತು ಸಂಗಡಿಗರು ಖಿನ್ನತೆಯ ರೋಗಿಗಳಲ್ಲಿ ಇಸಿಟಿಯನ್ನೂ ಇಮಿಪ್ರಮಿನ್ ಮಾತ್ರೆಯನ್ನೂ, ಯಾರಿಗೆ ಯಾವುದು ಸಿಕ್ಕಿದೆ ಎಂದು ಅಳೆಯುವವರಿಗೂ ತಿಳಿಯದ ರೀತಿಯಲ್ಲಿ ಹೋಲಿಸಿ ನೋಡಿ, ಬ್ರಿಟನ್‌ನ ಹೆಸರಾಂತ ಮನೋವೈದ್ಯ ಪತ್ರಿಕೆಯಲ್ಲಿ ಪ್ರಕಟಿಸಿದ್ದರು. ಡಾ. ಗಂಗಾಧರ್ ಮುಂದೆ ನಿಮ್ಹಾನ್ಸ್‌ನ ನಿರ್ದೇಶಕರಾದರು, 2020ರಲ್ಲಿ ಅವರಿಗೆ ಪದ್ಮಶ್ರೀ ಬಂತು.

ಉಪದ್ರ ಏನೂ ಇಲ್ಲವೇ?

ಇದೆ, ಮುಚ್ಚಿಡಬಾರದು. ಅವತ್ತು ತಲೆನೋವು, ಮೈಕೈ ನೋವು, ಎಚ್ಚರವಾದಾಗ ಸ್ವಲ್ಪ ಹೊತ್ತು ಗಲಿಬಿಲಿ ಸಾಮಾನ್ಯ. ಮುಖ್ಯವಾದದ್ದು ನೆನಪು. ಚಿಕಿತ್ಸೆ ನಡೆದ ವಾರಗಳ ಆಸುಪಾಸಿನ ಘಟನೆಗಳು ಮರೆತುಹೋಗುತ್ತವೆ. ಹೊಸ ವಿಷಯ ನೆನಪಿಡುವ ಶಕ್ತಿ ಹೆಚ್ಚಿನವರಿಗೆ ಕೆಲವು ವಾರಗಳಲ್ಲಿ ಮರಳುತ್ತದೆ, ಆದರೆ ಹಳೆಯ ಕೆಲವು ನೆನಪುಗಳು ಕೆಲವರಿಗೆ ವಾಪಸು ಬರುವುದೇ ಇಲ್ಲ. ವಿದ್ಯುತ್ತನ್ನು ತಲೆಯ ಒಂದೇ ಬದಿಗೆ ಕೊಟ್ಟರೆ, ಬಹಳ ಚಿಕ್ಕ ಅಲೆಗಳಲ್ಲಿ ಕೊಟ್ಟರೆ ಈ ತೊಂದರೆ ಕಡಿಮೆ. ‘ಯಾವ ಬಗೆಯದು ಕೊಡ್ತೀರಿ ಡಾಕ್ಟ್ರೇ?’ ಅಂತ ಕೇಳುವ ಹಕ್ಕು ನಮಗಿದೆ.

ಜೀವಕ್ಕೆ ಅಪಾಯ? ಲಕ್ಷ ಸಲ ಕೊಟ್ಟಾಗ ಸುಮಾರು ಎರಡು ಸಾವು ಎಂಬುದು ಹಲವು ದೇಶಗಳ ದಾಖಲೆಗಳನ್ನು ಒಟ್ಟುಗೂಡಿಸಿದ ಲೆಕ್ಕ. ಅದು ಬಹುತೇಕ ಅರಿವಳಿಕೆಯ ಅಪಾಯದಷ್ಟೇ. ಹೃದಯದ ಕಾಯಿಲೆ, ಇತ್ತೀಚೆಗೆ ಪಾರ್ಶ್ವವಾಯು, ಮೆದುಳಿನೊಳಗೆ ಗಡ್ಡೆ ಇರುವವರ ವಿಷಯದಲ್ಲಿ ಮಾತ್ರ ಬಹಳ ಜಾಗ್ರತೆ ಬೇಕು.

ಇನ್ನೊಂದು ಮಾತು ಮನೆಯವರು ಬರೆದಿಟ್ಟುಕೊಳ್ಳಬೇಕು. ಇಸಿಟಿಯಿಂದ ಗುಣವಾಯಿತು ಅಂತ ಮಾತ್ರೆ ನಿಲ್ಲಿಸಬಾರದು. 2001ರಲ್ಲಿ ಪ್ರಕಟವಾದ ಅಮೆರಿಕದ ಅಧ್ಯಯನವೊಂದರಲ್ಲಿ, ಇಸಿಟಿಯಿಂದ ಗುಣವಾದ ಮೇಲೆ ಬರೀ ಸಕ್ಕರೆ ಮಾತ್ರೆ ಸಿಕ್ಕವರಲ್ಲಿ 84 ಶೇಕಡಾ ಮಂದಿಗೆ ಆರು ತಿಂಗಳೊಳಗೆ ಕಾಯಿಲೆ ಮರುಕಳಿಸಿತು. ಖಿನ್ನತೆಯ ಮಾತ್ರೆ ಮತ್ತು ಲಿಥಿಯಂ ಎರಡನ್ನೂ ತೆಗೆದುಕೊಂಡವರಲ್ಲಿ ಅದು 39 ಶೇಕಡಾ. ಇಸಿಟಿ ಮೇಲೆತ್ತುತ್ತದೆ, ಮೇಲೆ ನಿಲ್ಲಿಸುವುದು ಆಮೇಲಿನ ಮದ್ದು ಮತ್ತು ಆರೈಕೆ.

ಎಚ್ಚರವಿದ್ದೇ ಪಡೆಯುವ ಟಿಎಂಎಸ್

ಎರಡನೆಯ ದಾರಿ ಅಯಸ್ಕಾಂತದ್ದು. ಇಂಗ್ಲೆಂಡಿನ ಶೆಫೀಲ್ಡ್‌ನಲ್ಲಿ ಆಂಟನಿ ಬಾರ್ಕರ್ ಮತ್ತು ಸಂಗಡಿಗರು 1985ರಲ್ಲಿ ಇದರ ಯಂತ್ರ ತೋರಿಸಿದರು. 2008ರಲ್ಲಿ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಖಿನ್ನತೆಗೆ ಇದನ್ನು ಬಳಸಲು ಒಪ್ಪಿಗೆ ಕೊಟ್ಟಿತು. ನಮ್ಮ ದೇಶದಲ್ಲಿ ದೊಡ್ಡ ನಗರಗಳ ಆಸ್ಪತ್ರೆಗಳಲ್ಲಿ ಈಗ ಸಿಗುತ್ತದೆ, ನಿಮ್ಹಾನ್ಸ್‌ನಲ್ಲಿ ಚಿಕಿತ್ಸೆಯೂ ಸಂಶೋಧನೆಯೂ ನಡೆಯುತ್ತಿದೆ.

ಇದರ ತತ್ವ ಹೊಲದ ಬದಿಯ ಟ್ರಾನ್ಸ್‌ಫಾರ್ಮರಿನದ್ದೇ. ಒಂದು ಸುರುಳಿಯಲ್ಲಿ ಕರೆಂಟು ಏರಿಳಿದರೆ, ಅದಕ್ಕೆ ತಾಗದೆ ಪಕ್ಕದಲ್ಲಿರುವ ಇನ್ನೊಂದು ಸುರುಳಿಯಲ್ಲೂ ಕರೆಂಟು ಹುಟ್ಟುತ್ತದೆ. ಟಿಎಂಎಸ್‌ನಲ್ಲಿ ತಂತಿಯ ಸುರುಳಿಯನ್ನು ತಲೆಗೆ ಹೊರಗಿನಿಂದ ಹಿಡಿಯುತ್ತಾರೆ. ಅದರ ಅಯಸ್ಕಾಂತ ಶಕ್ತಿ ಬುರುಡೆ ದಾಟಿ, ಹಣೆಯ ಎಡಭಾಗದ ಒಳಗಿರುವ ಮೆದುಳಿನ ಒಂದು ಸಣ್ಣ ಜಾಗದಲ್ಲಿ ಅಲ್ಪ ವಿದ್ಯುತ್ ಹುಟ್ಟಿಸುತ್ತದೆ. ಖಿನ್ನತೆಯಲ್ಲಿ ಮಂಕಾಗುವ ಜಾಗಗಳಲ್ಲಿ ಅದೂ ಒಂದು.

ಅರಿವಳಿಕೆ ಇಲ್ಲ, ಉಪವಾಸ ಇಲ್ಲ. ಕುರ್ಚಿಯಲ್ಲಿ ಕುಳಿತು, ಕಿವಿಗೆ ರಕ್ಷಣೆ ಹಾಕಿಕೊಂಡರೆ ಮುಗಿಯಿತು. ಟಕ್ ಟಕ್ ಸದ್ದು, ತಲೆಯ ಮೇಲೆ ಕುಟ್ಟಿದಂಥ ಅನುಭವ, ಕೆಲವರಿಗೆ ಆಮೇಲೆ ತಲೆನೋವು. ನೆನಪಿಗೆ ತೊಂದರೆ ಇಲ್ಲ. ಅಪಸ್ಮಾರ ಬರುವ ಸಾಧ್ಯತೆ ಇದೆ, ಆದರೆ ಬಹಳ ಅಪರೂಪ. ತಲೆಯೊಳಗೆ ಲೋಹದ ಕ್ಲಿಪ್ ಇರುವವರಿಗೆ, ಕಿವಿಯೊಳಗೆ ಕಾಕ್ಲಿಯರ್ ಯಂತ್ರ ಇಟ್ಟವರಿಗೆ ಇದು ಆಗದು.

ಕಷ್ಟ ಇರುವುದು ದಿನಗಳ ಲೆಕ್ಕದಲ್ಲಿ. ವಾರಕ್ಕೆ ಐದು ದಿನ, ನಾಲ್ಕರಿಂದ ಆರು ವಾರ ಹೋಗಬೇಕು. ಒಂದೊಂದು ಸಲಕ್ಕೆ 20ರಿಂದ 40 ನಿಮಿಷ. 2018ರಲ್ಲಿ ಕೆನಡಾದ ಒಂದು ದೊಡ್ಡ ಅಧ್ಯಯನ, ಮೂರೇ ನಿಮಿಷದ ಹೊಸ ಕ್ರಮವೂ 37 ನಿಮಿಷದ ಹಳೆಯ ಕ್ರಮದಷ್ಟೇ ಫಲ ಕೊಡುತ್ತದೆ ಅಂತ ತೋರಿಸಿತು. ಆದರೂ ದಿನಾ ಹೋಗುವುದು ತಪ್ಪುವುದಿಲ್ಲ. ರಟ್ಟೀಹಳ್ಳಿಯಿಂದ ಮೂರು ನಿಮಿಷದ ಚಿಕಿತ್ಸೆಗೆ ದಿನಾ ನಗರಕ್ಕೆ ಹೋಗಿಬರುವವರು ಯಾರು? ಒಂದು ತಿಂಗಳು ನಗರದ ನಂಟರ ಮನೆಯಲ್ಲಿ ಉಳಿಯಲು ಮೊದಲೇ ವ್ಯವಸ್ಥೆ ಮಾಡಿಕೊಂಡರೆ ಮಾತ್ರ ಇದು ಪೂರ್ತಿಯಾಗುತ್ತದೆ.

ಫಲ ಹೇಗೆ? ಮಾತ್ರೆಗೆ ಬಗ್ಗದವರಲ್ಲಿ ಸರಿಸುಮಾರು ಅರ್ಧದಷ್ಟು ಮಂದಿಗೆ ಒಳ್ಳೆಯ ಸುಧಾರಣೆ, ಮೂರರಲ್ಲಿ ಒಬ್ಬರಿಗೆ ಪೂರ್ತಿ ಗುಣ. ಮಧ್ಯಮ ಮಟ್ಟದ ಖಿನ್ನತೆಗೆ ಇದು ಚೆನ್ನಾಗಿ ಒಪ್ಪುತ್ತದೆ. ಭ್ರಮೆ ಸೇರಿಕೊಂಡ ಅಥವಾ ಜೀವಕ್ಕೆ ಅಪಾಯ ಇರುವ ತೀವ್ರ ಖಿನ್ನತೆಗೆ ಇಸಿಟಿಯೇ ಮುಂದೆ.

ಉಳಿದವು

ಟಿಡಿಸಿಎಸ್ ಎಂಬುದು ಮೂರನೆಯದು. ಒದ್ದೆ ಸ್ಪಂಜಿನ ಎರಡು ಪಟ್ಟಿಗಳಿಂದ ತಲೆಗೆ ಎರಡು ಮಿಲಿಆಂಪಿಯರಿನಷ್ಟು ಬಹಳ ಸಣ್ಣ ಕರೆಂಟನ್ನು ಅರ್ಧ ಗಂಟೆ ಹಾಯಿಸುತ್ತಾರೆ. ಯಂತ್ರ ಅಗ್ಗ, ಉಪದ್ರ ಕಡಿಮೆ, ಆದರೆ ಖಿನ್ನತೆಯಲ್ಲಿ ಫಲಿತಾಂಶ ಒಂದೊಂದು ಅಧ್ಯಯನದಲ್ಲಿ ಒಂದೊಂದು ರೀತಿ. ಆನ್‌ಲೈನಲ್ಲಿ ಮಾರಾಟಕ್ಕಿರುವ ಯಂತ್ರ ತರಿಸಿ ಮನೆಯಲ್ಲೇ ತಲೆಗೆ ಕಟ್ಟುವ ಸಾಹಸ ಬೇಡ.

ಶಸ್ತ್ರಚಿಕಿತ್ಸೆ ಬೇಕಾದವು ಎರಡಿವೆ. ಕುತ್ತಿಗೆಯ ವೇಗಸ್ ನರಕ್ಕೆ ಸಣ್ಣ ಯಂತ್ರ ಜೋಡಿಸುವುದಕ್ಕೆ ಅಮೆರಿಕದಲ್ಲಿ 2005ರಲ್ಲಿ ಒಪ್ಪಿಗೆ ಸಿಕ್ಕಿದೆ. ಮೆದುಳಿನ ಆಳಕ್ಕೇ ತಂತಿ ಇಳಿಸುವ ವಿಧಾನವನ್ನು ಅದೇ ವರ್ಷ ಟೊರಾಂಟೊದಲ್ಲಿ ಹೆಲೆನ್ ಮೇಬರ್ಗ್ ತಂಡ ಆರು ರೋಗಿಗಳ ಮೇಲೆ ನಡೆಸಿ, ನಾಲ್ವರಿಗೆ ಗುಣವಾಯಿತೆಂದು ವರದಿ ಮಾಡಿತು. ಆಮೇಲಿನ ದೊಡ್ಡ ಪರೀಕ್ಷೆಯಲ್ಲಿ ಆರು ತಿಂಗಳಲ್ಲಿ ಅಂಥ ವ್ಯತ್ಯಾಸ ಕಾಣಲಿಲ್ಲ. ಖಿನ್ನತೆಯ ಮಟ್ಟಿಗೆ ಇದು ಇನ್ನೂ ಸಂಶೋಧನೆಯ ಹಂತದ್ದು. ‘ಮೆದುಳಿಗೆ ಚಿಪ್ ಹಾಕಿ ಒಂದೇ ದಿನದಲ್ಲಿ ಗುಣ’ ಎಂಬ ವಾಟ್ಸ್ಆ್ಯಪ್ ಸಂದೇಶ ಬಂದರೆ ಮುಂದಕ್ಕೆ ಕಳಿಸಬೇಡಿ.

ಊದಿಸುವುದು, ಕಟ್ಟಿಸುವುದು, ಸರಪಳಿ

ಖಿನ್ನತೆ ಬಂದವರಿಗೆ ‘ಈಮಾನ್ ಕಮ್ಮಿ ಆಗಿದೆ, ನಮಾಝ್ ಸರಿ ಮಾಡು’ ಅನ್ನುವುದು ನಮ್ಮಲ್ಲಿ ಸುಲಭ. ಸಜ್ದಾದಿಂದ ಎದ್ದೇಳಲೂ ಶಕ್ತಿ ಇಲ್ಲದವಳಿಗೆ ಆ ಮಾತು ಎಷ್ಟು ಚುಚ್ಚೀತು ಎಂದು ಹೇಳುವವರು ಯೋಚಿಸುವುದಿಲ್ಲ. ರೋಗಕ್ಕೆ ಮದ್ದು ಮಾಡಿ ಎಂದು ಪ್ರವಾದಿ(ಸ)ಯವರೇ ಕಲಿಸಿದ್ದು ಸಣ್ಣ ಮಕ್ಕಳೂ ಮದ್ರಸದಲ್ಲಿ ಕಲಿಯುವ ಪಾಠ. ಅದರಲ್ಲಿ ಮೈಯ ರೋಗ, ಮನಸ್ಸಿನ ರೋಗ ಎಂಬ ಭೇದ ಇಲ್ಲ.

ಸಾವಿರ ವರ್ಷಕ್ಕೂ ಹಿಂದೆ, 934ರಲ್ಲಿ ತೀರಿಕೊಂಡ ಅಬೂ ಝೈದ್ ಅಲ್ ಬಲ್ಖಿ ಎಂಬ ವಿದ್ವಾಂಸರು ದೇಹ ಮತ್ತು ಮನಸ್ಸಿನ ಆರೋಗ್ಯದ ಬಗ್ಗೆ ಅರಬಿಯಲ್ಲಿ ಒಂದು ಗ್ರಂಥ ಬರೆದರು. ದುಃಖದಲ್ಲಿ ಎರಡು ಬಗೆ ಇದೆ, ಒಂದಕ್ಕೆ ತಿಳಿದ ಕಾರಣ ಇರುತ್ತದೆ, ಇನ್ನೊಂದು ಕಾರಣ ಕಾಣದೆ ಬರುತ್ತದೆ, ಆ ಎರಡನೆಯದರ ಬೇರು ದೇಹದೊಳಗಿದೆ ಎಂದು ಅವರು ವಿಂಗಡಿಸಿದ್ದರು. ಇವತ್ತಿನ ಮನೋವೈದ್ಯರು ಮಾಡುವ ವಿಂಗಡಣೆಗೆ ಅದು ಬಹಳ ಹತ್ತಿರ. ದಮಾಸ್ಕಸ್, ಕೈರೋ ನಗರಗಳ ಹಳೆಯ ಬೀಮಾರಿಸ್ತಾನ್‌ಗಳಲ್ಲಿ ಮಾನಸಿಕ ರೋಗಿಗಳನ್ನೂ ಇಟ್ಟು ಆರೈಕೆ ಮಾಡುತ್ತಿದ್ದರು.

ದುಆ ಮಾಡಿ, ಕುರ್‌ಆನ್ ಓದಿ ಊದಿಸಿ, ಯಾರೂ ಬೇಡ ಅನ್ನುವುದಿಲ್ಲ. ಅದರ ನೆಪದಲ್ಲಿ ಮಾತ್ರೆ ನಿಲ್ಲಿಸಬೇಡಿ, ವೈದ್ಯರ ದಿನ ತಪ್ಪಿಸಬೇಡಿ. ಜಿನ್ನ್ ಬಿಡಿಸುತ್ತೇವೆಂದು ಹೊಡೆಯುವವರ ಕೈಗೆ, ಕಟ್ಟಿಹಾಕುವವರ ಕೈಗೆ ನಿಮ್ಮವರನ್ನು ಕೊಡಬೇಡಿ. ತಮಿಳುನಾಡಿನ ಏರ್ವಾಡಿಯಲ್ಲಿ ದರ್ಗಾಕ್ಕೆಂದು ಬಂದ ಮಾನಸಿಕ ರೋಗಿಗಳನ್ನು ಖಾಸಗಿ ಗುಡಿಸಲಿನಲ್ಲಿ ಸರಪಳಿಯಿಂದ ಕಟ್ಟಿಟ್ಟಿದ್ದರು. 2001ರ ಆಗಸ್ಟ್ 6ರ ಬೆಳಗಿನ ಜಾವ ಬೆಂಕಿ ಬಿತ್ತು. ಓಡಲಾಗದೆ 28 ಮಂದಿ ಸತ್ತರು. ಈಗ ಮಾನಸಿಕ ರೋಗಿಗಳನ್ನು ಯಾವುದೇ ರೀತಿಯಲ್ಲಿ ಸರಪಳಿಯಿಂದ ಬಂಧಿಸುವುದನ್ನು ಅದೇ 95ನೇ ಕಲಂ ನಿಷೇಧಿಸಿದೆ.

ರಮಝಾನಿನ ವಿಷಯದಲ್ಲಿ ಒಂದು ಎಚ್ಚರಿಕೆ. ಉಪವಾಸಕ್ಕೆಂದು ಮಾತ್ರೆಯನ್ನು ತಾವಾಗಿಯೇ ನಿಲ್ಲಿಸಿ ಶವ್ವಾಲಿನಲ್ಲಿ ಮತ್ತೆ ಹಾಸಿಗೆ ಹಿಡಿಯುವವರಿದ್ದಾರೆ. ಹೆಚ್ಚಿನ ಮಾತ್ರೆಗಳನ್ನು ಇಫ್ತಾರ್ ಮತ್ತು ಅತ್ತಾಳದ ಹೊತ್ತಿಗೆ ಹೊಂದಿಸಿಕೊಡಲು ವೈದ್ಯರಿಗೆ ಸಾಧ್ಯ. ಲಿಥಿಯಂ ತೆಗೆದುಕೊಳ್ಳುವವರು ಮಾತ್ರ ವೈದ್ಯರನ್ನು ಕೇಳದೆ ಉಪವಾಸ ಹಿಡಿಯಬಾರದು. ಮೈಯಲ್ಲಿ ನೀರು ಕಡಿಮೆಯಾದರೆ ರಕ್ತದಲ್ಲಿ ಲಿಥಿಯಂ ಏರಿ ವಿಷವಾಗಬಹುದು. ರೋಗಿಗೆ ಉಪವಾಸದಲ್ಲಿ ರಿಯಾಯಿತಿ ಇರುವುದು ಎಲ್ಲರಿಗೂ ಗೊತ್ತು, ಅದನ್ನು ಮಾನಸಿಕ ರೋಗಿಗೂ ಧೈರ್ಯವಾಗಿ ಹೇಳಿ.

ಎಲ್ಲಿಗೆ ಹೋಗುವುದು, ಏನು ಕೇಳುವುದು

ಮೊದಲ ಹೆಜ್ಜೆಗೆ ಬಸ್ಸೂ ಬೇಡ. ಕೇಂದ್ರ ಸರಕಾರದ ಟೆಲಿ ಮಾನಸ್ ಸಹಾಯವಾಣಿ 14416 ಅಥವಾ 1800-891-4416. 2022ರ ಅಕ್ಟೋಬರ್ 10ರಿಂದ ನಡೆಯುತ್ತಿದೆ. ದಿನದ 24 ಗಂಟೆಯೂ ಉಚಿತ, ಕನ್ನಡದಲ್ಲೇ ಮಾತಾಡಬಹುದು. ಮನೆಯಲ್ಲಿ ಯಾರಾದರೂ ‘ಬದುಕಿ ಏನು ಪ್ರಯೋಜನ’ ಅನ್ನುತ್ತಿದ್ದರೆ ನಾಳೆಗೆ ಕಾಯದೆ ಇವತ್ತೇ ಮಾಡಿ. ಅವರನ್ನು ಒಂಟಿಯಾಗಿ ಬಿಡಬೇಡಿ. ಕೀಟನಾಶಕದ ಡಬ್ಬಿ, ಮಾತ್ರೆಯ ಡಬ್ಬಿ ಎರಡನ್ನೂ ಬೀಗದೊಳಗಿಡಿ. ಆತ್ಮಹತ್ಯೆಗೆ ಯತ್ನಿಸಿದರೆ ಪೊಲೀಸ್ ಕೇಸಾಗುತ್ತದೆಂದು ಆಸ್ಪತ್ರೆಗೆ ಹೋಗದೆ ಇರಬೇಡಿ. 2017ರ ಕಾಯ್ದೆ ಅಂಥವರನ್ನು ತೀವ್ರ ಒತ್ತಡದಲ್ಲಿದ್ದವರೆಂದೇ ಪರಿಗಣಿಸಿ ಶಿಕ್ಷೆಯಿಂದ ಹೊರಗಿಡುತ್ತದೆ.

ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮದಡಿ ಜಿಲ್ಲಾ ಆಸ್ಪತ್ರೆಯಲ್ಲಿ ಮನೋವೈದ್ಯರು ಸಿಗುತ್ತಾರೆ. ತಾಲೂಕು ಆಸ್ಪತ್ರೆಗೆ ಅವರು ಬರುವ ದಿನ ಯಾವುದೆಂದು ಆಶಾ ಕಾರ್ಯಕರ್ತೆಯನ್ನು ಕೇಳಿದರೆ ತಿಳಿಯುತ್ತದೆ. ಇಸಿಟಿ ಬೇಕಾಗುವ ಹಂತಕ್ಕೆ ರಟ್ಟೀಹಳ್ಳಿ, ಹಿರೇಕೆರೂರು, ಹಾನಗಲ್ಲು, ಶಿಗ್ಗಾವಿ, ಸವಣೂರು ಕಡೆಯವರಿಗೆ ಧಾರವಾಡದ ಡಿಮ್ಹಾನ್ಸ್ ಹತ್ತಿರದ ದೊಡ್ಡ ಸರಕಾರಿ ಮಾನಸಿಕ ಆಸ್ಪತ್ರೆ. 1997ರಲ್ಲಿ ಹಾವೇರಿ ಬೇರೆ ಜಿಲ್ಲೆಯಾಗುವ ತನಕ ಈ ಊರುಗಳೆಲ್ಲ ಧಾರವಾಡ ಜಿಲ್ಲೆಗೇ ಸೇರಿದ್ದವು, ಹಾದಿ ಹಳೆಯದೇ. ನಿಮ್ಹಾನ್ಸ್‌ಗೆ ಹೋಗುವುದಾದರೆ ರಾಣೆಬೆನ್ನೂರಿನಿಂದ ಬೆಂಗಳೂರಿಗೆ ರೈಲಿದೆ. ಕರಾವಳಿಯಲ್ಲಿ ನಂಟರಿರುವವರಿಗೆ ಮಂಗಳೂರಿನ ಮೆಡಿಕಲ್ ಕಾಲೇಜು ಆಸ್ಪತ್ರೆಗಳಿವೆ. ತಿಂಗಳುಗಟ್ಟಲೆ ಉಳಿಯಬೇಕಾದ ಚಿಕಿತ್ಸೆಗೆ ನಂಟರ ಮನೆ ಇರುವ ಊರೇ ಅನುಕೂಲ.

ಖರ್ಚಿನ ವಿಷಯ ಹೇಳುವುದಾದರೆ, ಆಯುಷ್ಮಾನ್ ಯೋಜನೆಯ ಚಿಕಿತ್ಸೆಗಳ ಪಟ್ಟಿಯಲ್ಲಿ ಮಾನಸಿಕ ರೋಗದ ವಿಭಾಗ ಇದೆ, ಇಸಿಟಿ ಮತ್ತು ಟಿಎಂಎಸ್ ಎರಡರ ಹೆಸರೂ ಅದರಲ್ಲಿದೆ. ಕಾರ್ಡು ಹಿಡಿದುಕೊಂಡು ಹೋಗಿ, ಸೇರುವ ಮೊದಲೇ ಆಸ್ಪತ್ರೆಯ ಕೌಂಟರಿನಲ್ಲಿ ‘ಇಲ್ಲಿ ಇದು ಸಿಗುತ್ತದಾ?’ ಅಂತ ಕೇಳಿ. ಖಾಸಗಿ ವಿಮೆ ಇದ್ದವರೂ ತಿಳಿದಿರಲಿ, ಮೈಯ ಕಾಯಿಲೆಗೆ ಕೊಡುವಂತೆಯೇ ಮಾನಸಿಕ ಕಾಯಿಲೆಗೂ ವಿಮೆ ಕೊಡಬೇಕೆಂದು 2017ರ ಕಾಯ್ದೆಯ 21ನೇ ಕಲಂ ಹೇಳುತ್ತದೆ.

ವೈದ್ಯರ ಎದುರು ಕೇಳಲು ನಾಲ್ಕು ಪ್ರಶ್ನೆ ಸಾಕು. ಈ ಚಿಕಿತ್ಸೆಯೇ ಯಾಕೆ, ಬೇರೆ ದಾರಿ ಇದೆಯಾ? ಒಟ್ಟು ಎಷ್ಟು ಸಲ, ಎಷ್ಟು ದಿನ? ನೆನಪಿಗೆ ತೊಂದರೆಯಾದರೆ ಏನು ಮಾಡುತ್ತೀರಿ? ಗುಣವಾದ ಮೇಲೆ ಮದ್ದು ಎಷ್ಟು ಕಾಲ? ಮುಖ್ಯವಾಗಿ ಈ ಮಾತುಕತೆಯಲ್ಲಿ ರೋಗಿಯೂ ಕುಳಿತಿರಬೇಕು. ಅರ್ಥ ಮಾಡಿಕೊಳ್ಳುವ ಸ್ಥಿತಿಯಲ್ಲಿದ್ದರೆ ಒಪ್ಪಿಗೆ ಕೊಡಬೇಕಾದದ್ದು ಅವರು. ಉಮ್ಮನ ತಲೆಗೆ ಮಾಡುವ ಚಿಕಿತ್ಸೆಯನ್ನು ಉಮ್ಮನನ್ನು ಹೊರಗೆ ಕೂರಿಸಿ ಗಂಡಸರೇ ತೀರ್ಮಾನ ಮಾಡುವ ಪದ್ಧತಿ ಬಿಡಬೇಕು.

ಗುಣವಾಗಿ ಮನೆಗೆ ಬಂದ ಮೇಲೆ

ತ್ರಿವೇಣಿಯವರ ಕಾದಂಬರಿ ಆಧರಿಸಿ 1971ರಲ್ಲಿ ಪುಟ್ಟಣ್ಣ ಕಣಗಾಲ್ ತೆಗೆದ ‘ಶರಪಂಜರ’ ಸಿನೆಮಾವನ್ನು ನಮ್ಮ ಹಿರಿಯರು ಹಲವರು ನೋಡಿದ್ದಾರೆ. ಕಲ್ಪನಾ ಮಾಡಿದ ಕಾವೇರಿಯ ಪಾತ್ರ ಆಸ್ಪತ್ರೆಯಲ್ಲಿ ಗುಣವಾಗಿಯೇ ಮನೆಗೆ ಬರುತ್ತದೆ. ಮತ್ತೆ ಅವಳನ್ನು ಕಾಯಿಲೆಗೆ ತಳ್ಳುವುದು ಗಂಡ ಮತ್ತು ಸುತ್ತಲಿನವರ ಅನುಮಾನ, ಪಿಸುಮಾತು. ಅರ್ಧ ಶತಮಾನ ಕಳೆದರೂ ಆ ಪಿಸುಮಾತು ನಮ್ಮ ಮದುವೆ ಮನೆಗಳಲ್ಲಿ ಇನ್ನೂ ಇದೆ. ‘ಆ ಮನೆಯ ಹೆಣ್ಣು ಬೇಡ, ಉಮ್ಮನಿಗೆ ಕರೆಂಟ್ ಕೊಡಿಸಿದ್ದಾರೆ’ ಅನ್ನುವ ಒಂದು ಮಾತಿಗೆ ಹೆದರಿಯೇ ಎಷ್ಟೋ ಮನೆಗಳು ಚಿಕಿತ್ಸೆಯನ್ನು ಮುಂದೂಡುತ್ತವೆ.

ವೈದ್ಯರು ಸರಿಪಡಿಸಲಾಗದ ಭಾಗ ಅದು, ಜಮಾಅತ್ ಸರಿಪಡಿಸಬಹುದಾದದ್ದು. ಹೃದಯದ ಆಪರೇಷನ್ನಿಗೆ ಮಸೀದಿಯಲ್ಲಿ ಸಹಾಯ ಕೇಳುವ ಹಾಗೆ ಧಾರವಾಡದಲ್ಲಿ ಮೂರು ವಾರ ಉಳಿಯುವ ಖರ್ಚಿಗೂ ಕೇಳುವಂತಾಗಬೇಕು. ಖತೀಬರು ಒಂದು ಜುಮಾದಲ್ಲಿ ಐದು ನಿಮಿಷ ಖಿನ್ನತೆಯೂ ರೋಗವೇ ಅಂತ ಹೇಳಿದರೆ, ಒಳಕೋಣೆಯಲ್ಲಿ ಕುಳಿತ ಯಾರದೋ ಉಮ್ಮನನ್ನು ಮಕ್ಕಳು ಮುಂದಿನ ವಾರವೇ ಆಸ್ಪತ್ರೆಗೆ ಕರಕೊಂಡು ಹೋದಾರು. ಮಡಚಿಟ್ಟ ಹಳೆಯ ಚೀಟಿ ನಿಮ್ಮ ಮನೆಯಲ್ಲೂ ಇದ್ದರೆ ಅದನ್ನೇ ಹಿಡಿದುಕೊಂಡು ಹೋಗಿ. ಹಿಂದೆ ಕೊಟ್ಟ ಮಾತ್ರೆ ಯಾವುದು, ಎಷ್ಟು ದಿನ ತಿಂದದ್ದು ಅಂತ ಗೊತ್ತಾದರೆ ಹೊಸ ವೈದ್ಯರಿಗೆ ಅರ್ಧ ಕೆಲಸ ಉಳಿಯುತ್ತದೆ.